ಹಿಂದಿನ ಸೀಟಿಗೆ ಹೊಸ ರೆಕ್ಸಿನ್

...ಮೂಗು ಮುಚ್ಕೊಂಡ ಸ್ವಾಮಿ ಅವನು! ಬೇಲಿ ದಾಟೋಕೆ ಮುಂಚೇನೇ! ಗಾಡಿ ಇನ್ನೂ ಕಣ್ಣಿಗೇ ಬಿದ್ದಿಲ್ಲ, ಜೇಬಿಂದ ಕರ್ಚೀಫು ತೆಗೆದ... ಥೂ! ದಂಡಿನ ಕಡೆಯ ಗಿರಾಕಿ, ಕಂಟೋನ್ಮೆಂಟಿನವನು. ಬಿಳೀ ಪ್ಯಾಂಟು, ಬಿಳೀ ಬೂಟು. ನಮ್ಮ ಕೋಗಿಲು ಹಳ್ಳಿ ಕೊಟ್ಟಿಗೆ ಅಂದ್ರೆ ಅವನಿಗೆ ವಾಕರಿಕೆ. ಬೆಳಿಗ್ಗೆ ಕುಡಿಯೋ ಕಾಫಿಗೆ ಹಾಲು ಎಲ್ಲಿಂದ ಬರುತ್ತಂತೆ, ಬೂಟಿನಿಂದಾನಾ? ಕೇಳ್ಬಿಟ್ಟೆ ಮುಖದ ಮೇಲೆ. ಹೋಗ್ಬಿಟ್ಟ. ಹೋಗ್ಲಿ! ಅಂಥವನಿಗೆ ಈ ಗಾಡಿ ಕೊಡೋದೂ ಒಂದೇ, ಹಂದಿಗೆ ಹಾರ ಹಾಕೋದೂ ಒಂದೇ.

ನೀವು ಹಾಗಲ್ಲ ಬಿಡಿ. ಮಲ್ಲೇಶ್ವರದಿಂದ ವೆಂಕಟರಾಮಯ್ಯನವರು ಬರ್ತಾರೆ, ಹಳೇ ಕಾರು ಕೂಡಿಡೋ ಇಂಜಿನಿಯರು, ಬಲು ಕಮ್ಮಿ ಮಾತು, ಅಂತ ಮೆಕ್ಯಾನಿಕ್ ಖಾದರ್ ಬಾಷಾ ಮೊದಲೇ ಹೇಳಿದ್ದ. ಕಮ್ಮಿ ಅಂದ್ರೆ ಇಷ್ಟು ಕಮ್ಮೀನಾ ಸ್ವಾಮಿ! ಬಂದಾಗಿಂದ ಒಂದು 'ಹೂಂ' ಆದ್ರೂ ದಯಪಾಲಿಸಬಾರದಾ? ಇರ್ಲಿ, ಇರ್ಲಿ. ದೊಡ್ಡವರು. ಮಾತಾಡೋಕೆ ನಾನಿದ್ದೀನಲ್ಲ.

ಹತ್ರ ಬನ್ನಿ. ಮುಟ್ಟಿ ನೋಡಿ. ಡೂಕೋ ಬಣ್ಣ. ಬಗ್ಗಿದ್ರೆ ನಿಮ್ಮ ಮೀಸೆ ಬಿಳೀ ಕೂದಲು ಒಂದೊಂದೂ ಕಾಣುತ್ತೆ. ಮೊನ್ನೆ ಗಾಂಧಿನಗರದಿಂದ ಒಬ್ಬ ಬಂದಿದ್ದ, ಸಿನಿಮಾ ಹಂಚೋನು. ಬಾಯಿ ತುಂಬ ಎಲೆ ಅಡಿಕೆ. ಮಾತಾಡ್ತಾ ಮಾತಾಡ್ತಾ ಬೆರಳಿನ ಸುಣ್ಣಾನ ನನ್ನ ಬಾಗಿಲಿಗೆ ಒರೆಸಿದ ಸ್ವಾಮಿ! ಇದೇ ಬಾಗಿಲಿಗೆ! ಅಸಹ್ಯ! ತುಟಿ ಸಂದೀಲಿ ಕೆಂಪು ನೀರು ಸೋರ್ತಾ ಇದೆ, 'ಹೀರೋಯಿನ್ನ ಕೂರಿಸಿ ತೆಗೆದ್ರೆ ಚೆನ್ನಾಗಿರುತ್ತೆ' ಅಂತಾನೆ. ಹಿಂದೆ ಕೂತು ನೋಡು ಅಂದೆ. ಕೂತ. ಕೂತೋನು ಅರೆಗಳಿಗೆಗೆ ಎದ್ದ. 'ಆಮೇಲೆ ತಿಳಿಸ್ತೀನಿ' ಅಂದ. ಆಮೇಲೂ ಇಲ್ಲ, ಗೀಮೇಲೂ ಇಲ್ಲ.

ನಿಜ ಹೇಳ್ಬಿಡ್ತೀನಿ, ನಿಮ್ಮ ಹತ್ರ ಮುಚ್ಚುಮರೆ ಯಾಕೆ. ಇವತ್ತು ಈ ಗಾಡಿ ಹೋಗ್ಲೇಬೇಕು. ನಾಳಿದ್ದು ಶುಕ್ರವಾರ ನನಗೆ ವೀಳ್ಯಶಾಸ್ತ್ರ. ಅಮೃತಹಳ್ಳಿ ಚಿಕ್ಕಮಾರಯ್ಯನವರ ಮಗಳು, ಮುನಿಕೃಷ್ಣಮ್ಮ ಅಂತ. ಹುಡುಗಿ... ಬಿಡಿ, ದೊಡ್ಡವರ ಮುಂದೆ ಹೇಳಬಾರದು. ಒಪ್ಪಿದ್ದಾಳೆ. ಅವಳ ಅಪ್ಪ ಮಾತ್ರ ಒಂದೇ ಹಟ: 'ಆ ಗಾಡಿ ಅಂಗಳದಲ್ಲಿ ಇರೋ ತನಕ ನನ್ನ ಮಗಳು ಆ ಹೊಸಿಲು ತುಳಿಯಲ್ಲ. ಗುರುವಾರ ಸಂಜೆ ಬಂದು ನೋಡ್ತೀನಿ. ಇದ್ರೆ ತಾಂಬೂಲ ಇಲ್ಲ.' ಯಾಕೆ ಅಂದ್ರೆ... ಶೋಕಿ ಅಂತ. ಗಾಡಿ ಶೋಕಿ ಇರೋನು ಹೊಲ ಉಳೋನಲ್ಲ ಅಂತ ಅವರ ಲೆಕ್ಕ. ಹಳೇ ಕಾಲದ ಮನುಷ್ಯ. ಅದಕ್ಕೇ ಸ್ವಾಮಿ, ನೀವು ಹೂಂ ಅಂದ್ರೆ ಈಗಲೇ ಕೀಲಿ ಕೈ. ನಾನೇ ಮಲ್ಲೇಶ್ವರದ ತನಕ ಓಡಿಸ್ಕೊಂಡು ಬಂದು ನಿಮ್ಮ ಶೆಡ್ಡಲ್ಲಿ ನಿಲ್ಲಿಸ್ತೀನಿ.

ಹಾಂ, ಬಾನೆಟ್ ಎತ್ತಿ, ಎತ್ತಿ. ಸಂಕೋಚ ಬೇಡ. ಅಮೆರಿಕದ ಇಂಜಿನ್. ಈ ಗಾಡಿ ಕಥೆ ಗೊತ್ತಾ ನಿಮಗೆ? ಹೆಸರಘಟ್ಟದ ಕಡೆ ಒಬ್ಬ ದೊರೆ ಕುದುರೆ ಸಾಕ್ತಿದ್ದ. ಸ್ವಾತಂತ್ರ್ಯ ಬಂತು, ದೊರೆ ಹಡಗು ಹತ್ತಿದ. ಹೋಗೋವಾಗ ಲಾಯದ ಆಳುಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ಒಬ್ಬನಿಗೆ ಗಡಿಯಾರ, ಒಬ್ಬನಿಗೆ ಕೋಟು. ನಮ್ಮಪ್ಪ ದೊಡ್ಡಮುನಿಯಪ್ಪನಿಗೆ ಈ ಗಾಡಿ! ಓಡದ ಗಾಡಿ! ಎರಡು ಜೊತೆ ಎತ್ತು ಕಟ್ಟಿ ಕೋಗಿಲಿನ ತನಕ ಎಳ್ಕೊಂಡು ಬಂದ ಮಹಾನುಭಾವ. ನಾನು ಚಡ್ಡಿ ಹಾಕ್ಕೊಂಡು ಸ್ಟೇರಿಂಗ್ ಹಿಡಿದು ಕೂತಿದ್ದೆ. ಹೆಸರಘಟ್ಟದ ದೊರೆ ಬಂದ ಅಂತ ಜನ ನಕ್ರು. ನಗಲಿ! ಅವತ್ತೇ ಶಪಥ ಮಾಡಿದೆ. ಓಡಿಸ್ತೀನಿ ಇದನ್ನ, ನಿಮ್ಮ ಬಾಯಿ ಮುಚ್ಚಿಸ್ತೀನಿ ಅಂತ.

ಮುಚ್ಚಿಸಿದೆನೋ ಇಲ್ವೋ? ಯಶವಂತಪುರದಲ್ಲಿ ಖಾದರ್ ಬಾಷಾ ಶೆಡ್ಡು ಸೇರಿದೆ, ಗ್ರೀಸಲ್ಲಿ ಮುಳುಗಿ ಎದ್ದೆ. ಭಾನುವಾರ ಭಾನುವಾರ ಇಲ್ಲಿ ಕೂತು ಕೆರೆದೆ, ತಿಕ್ಕಿದೆ, ಬೆಸುಗೆ ಹಾಕಿದೆ. ಎಮ್ಮೆ ಆ ಕಡೆ, ಗಾಡಿ ಈ ಕಡೆ. ಮಡಚೋ ಟಾಪಿಗೆ ಕ್ಯಾನ್ವಾಸು, ಮಿಲಿಟರಿ ಟೆಂಟಿನದು, ಜಾಲಹಳ್ಳಿಯಿಂದ ಹುಡುಕಿ ತಂದೆ. ಇಂಡಿಯಾದಲ್ಲಿ ಇಂಥದ್ದು ಇನ್ನೊಂದು ತೋರಿಸಿ, ಈ ಮೀಸೆ ಬೋಳಿಸ್ತೀನಿ. ಖಾದರ್ ಬಾಷಾ ಮಾಡಿದ್ದು ಅಂತಾನಾ? ಇಂಜಿನ್ನಿಗೆ ಕೈ ಹಾಕಿದ, ಒಪ್ಕೊಳ್ತೀನಿ. ಉಳಿದಿದ್ದೆಲ್ಲ ಈ ಕೈ.

ಮುಂದಿನ ಸೀಟು ನೋಡಿ. ದೊರೆ ಕಾಲದ ಚರ್ಮ, ಹೊಲಿಗೆ ಕೂಡ ಅವರದ್ದೇ. ಹಾಂ! ಈಗ ನಕ್ರಿ! ಮೊದಲನೇ ಸಲ ನಕ್ರಿ! ಹೇಗೆ ಇಷ್ಟು ಮೆತ್ತಗಿದೆ ಅಂತಾನಾ? ಹರಳೆಣ್ಣೆ. ಹಬ್ಬಕ್ಕೊಂದು ಸಲ ನಮ್ಮಪ್ಪ ಕೂತು ತಿಕ್ತಿದ್ದ. ಮಗೂಗೆ ಎಣ್ಣೆ ಹಚ್ಚಿದ ಹಾಗೆ ನಿಧಾನಕ್ಕೆ... ಕೈ ಸವರ್ತಾ...

ಹಿಂದಿನದಾ?

ಹಿಂದಿನದು ರೆಕ್ಸಿನ್ನು. ಹೌದು. ಹೊಸದು. ಮೊದಲೇ ಹೇಳ್ಬೇಕು ಅಂತಿದ್ದೆ, ಮಾತು ಎಲ್ಲೆಲ್ಲೋ ಹೋಯ್ತು. ಇಲಿ ಸ್ವಾಮಿ! ಕೊಟ್ಟಿಗೆ ಇಲಿ ಅಂದ್ರೆ ಬೆಕ್ಕಿನ ಗಾತ್ರ. ಹಿಂದಿನ ಸೀಟು ಪೂರಾ ಚಿಂದಿ. ಮುಂದಿನದನ್ನ ಯಾಕೆ ಬಿಟ್ಟವು ಅಂದ್ರೆ... ಅದನ್ನ ಇಲೀನೇ ಕೇಳ್ಬೇಕು. ಹೆಹ್ಹೆ! ಯಾಕೆ, ಇದಕ್ಕೆ ನಗಲ್ವಾ?

ಚರ್ಮ ಇಟ್ಟಿಲ್ಲ. ಸುಟ್ಟೆ. ಸ್ಪ್ರಿಂಗು, ತೆಂಗಿನ ನಾರು, ಗೋಣಿ, ಎಲ್ಲ. ಕೆರೆ ಏರಿ ಹಿಂದೆ ಸುಟ್ಟೆ. ಇಲಿ ಕಡಿದಿದ್ದನ್ನ ಯಾರು ಮನೇಲಿ ಇಟ್ಕೊಳ್ತಾರೆ? ಅಂದ್ರೆ ಇಲಿ ಕಡಿದಿದ್ದೂ ಹೌದು, ಆಮೇಲೆ ಮಳೆ ನೀರು ಬೇರೆ ಬಿದ್ದು... ಟಾಪು ಸೋರ್ತಿತ್ತು. ಈಗ ಸೋರಲ್ಲ! ಆಗ. ಆಗ ಸೋರ್ತಿತ್ತು.

ಏನು ಬೆರಳು ತೋರಿಸ್ತೀರಿ? ಕನ್ನಡೀನಾ? ಓ, ಒಳಗಿನ ಕನ್ನಡಿ. ಒಡೆದು ಹೋಯ್ತು. ಸ್ಕ್ರೂ ಬಿಚ್ಚಿದ ತೂತು ಇರ್ಬಹುದು, ಒಡೆದ ಮೇಲೆ ಬಿಚ್ಚಿದೆ. ಒಡೆದ ಕನ್ನಡಿ ಮನೇಲಿ ಇರಬಾರದಲ್ಲ. ನನಗಂತೂ ಅದರ ಹಂಗಿಲ್ಲ. ಹಿಂದೆ ನೋಡ್ಕೊಂಡು ಗಾಡಿ ಓಡಿಸೋ ಗಿರಾಕಿ ನಾನಲ್ಲ.

ಅಯ್ಯೋ, ಅಲ್ಲಿ ಬಗ್ಗಬೇಡಿ ಸ್ವಾಮಿ, ಪಂಚೆ ಕೊಳೆ ಆಗುತ್ತೆ. ಏನು ಮೂಸ್ತಿದ್ದೀರಿ? ಫಿನಾಯಿಲು ಅದು. ಬೇವಿನೆಣ್ಣೇನೂ ಹಾಕಿದ್ದೆ. ಊದುಬತ್ತಿ. ಹಳೇ ಗಾಡಿ ಅಂದಮೇಲೆ ಒಂದು ವಾಸನೆ ಇದ್ದೇ ಇರುತ್ತಪ್ಪ. ಎಮ್ಮೆ ಪಕ್ಕ ಹದಿನೈದು ವರ್ಷ ನಿಂತಿತ್ತು. ಎಮ್ಮೆ ವಾಸನೆ ಅನ್ಕೊಳ್ಳಿ. ಅನ್ಕೊಳ್ಳಿ ಅಂದ್ರೆ... ಎಮ್ಮೇದೇ.

ಯಾಕೆ ಹಾಗೆ ನೋಡ್ತೀರಿ?

ಸರಿ. ಮೆರವಣಿಗೆಗೆ ಹೋಗಿತ್ತು. ಒಂದೇ ಸಲ. ಹೂವು ನೀರು ಬಿದ್ದು ಸೀಟು ಕೆಟ್ಟಿತು. ಮದುವೆ ಮೆರವಣಿಗೆ... ಅಲ್ಲ. ಅಲ್ಲ ಸ್ವಾಮಿ. ನಿಮ್ಮ ಮುಂದೆ ಯಾಕೆ. ಸಾವಿನದು. ಬೇರೆ ಯಾರದ್ದೋ ಅಲ್ಲ, ನಮ್ಮಪ್ಪನದೇ. ಅದರಲ್ಲಿ ನಾಚಿಕೆ ಏನಿದೆ? ನಮ್ಮ ಕಡೆ ಹೆಣ ಮಲಗಿಸಿ ಹೊರಲ್ಲ. ಕೂರಿಸ್ತೀವಿ. ರುಮಾಲು ಸುತ್ತಿ, ವಿಭೂತಿ ಬಳಿದು, ಬಿದಿರಿನ ತೇರಲ್ಲಿ ಕೂರಿಸಿ ಹೊರ್ತಾರೆ. ನಾನು ಗಾಡೀಲೇ ಕೂರಿಸಿದೆ! ಟಾಪು ಮಡಚಿ! ದೊರೆ ಕೂರ್ತಿದ್ದ ಜಾಗದಲ್ಲಿ ಲಾಯದ ದೊಡ್ಡಮುನಿಯಪ್ಪ, ಕೊರಳು ತುಂಬ ಚೆಂಡು ಹೂವು! ಮುಂದೆ ತಮಟೆ, ಹಿಂದೆ ಪುರಿ ಎರಚೋರು. ಸ್ಟೇರಿಂಗ್ ಮೇಲೆ ನಾನು, ಕನ್ನಡೀಲಿ ನಮ್ಮಪ್ಪ. ಯಾವ ಮಗ ಮಾಡಿದ್ದಾನೆ ಇಂಥದ್ದು, ಹೇಳಿ? ಈ ಸೀಮೇಲಿ ಯಾವ ಗೌಡ, ಯಾವ ಪಟೇಲ ಹೀಗೆ ಹೋಗಿದ್ದಾನೆ ಮಣ್ಣಿಗೆ? ಯಲಹಂಕದಿಂದ ಜನ ನೋಡೋಕೆ ಬಂದಿದ್ರು!

ಹೌದು, ಮೂಗು ಮುಚ್ಕೊಂಡಿದ್ರು. ಧೂಳಿಗೆ. ಚೈತ್ರ ಮಾಸ, ಮಣ್ಣು ರಸ್ತೆ. ಟೈರು ಏಳಿಸೋ ಧೂಳು ಅಂದ್ರೆ... ತಮಟೆಯೋರು ಯಾಕೆ ಅಷ್ಟು ಮುಂದೆ ಹೋಗ್ಬಿಟ್ರೋ, ಅವರನ್ನೇ ಕೇಳ್ಬೇಕು. ಕೊನೇಲಿ ಇಳಿಸೋಕೆ ಒಬ್ಬನೂ ಕೈ ಕೊಡ್ಲಿಲ್ಲ, ನೆಂಟರು! ಸ್ವಂತ ದಾಯಾದಿಗಳು! ಟವಲು ಮುಖಕ್ಕೆ ಒತ್ಕೊಂಡು ಹುಣಸೇ ಮರದ ಕೆಳಗೆ ನಿಂತಿದ್ರು. ಥೂ, ಮನುಷ್ಯರಾ ಅವರು? ನಾನೊಬ್ಬನೇ ಎತ್ತಿದೆ. ತೋಳಿನ ಕೆಳಗೆ ಕೈ ಹಾಕಿ ಎತ್ತಿದಾಗ... ಚರ್ಮಕ್ಕೆ... ಸೀಟಿನ ಚರ್ಮಕ್ಕೆ...

ಬಿಡಿ. ವಾಕರಿಕೆ ಬರುತ್ತೆ.

ನೀವ್ಯಾಕೆ ಕರ್ಚೀಫು ತೆಗೀತಿಲ್ಲ? ಎಲ್ಲರೂ ತೆಗೀತಾರೆ. ತೆಗೀರಿ!

ಹೆಣ ಇಟ್ಕೊಂಡು ಕಾಯಿಸಲಿಲ್ಲ ನಾನು. ಕಾಯಿಸಿದೆ ಅಂತ ಯಾರು ಹೇಳಿದ್ದು? ಖಾದರ್ ಬಾಷಾನಾ? ಅವನಿಗೆ ಅಸೂಯೆ. ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಷ್ಟೇ. ಪೆಟ್ರೋಲು ಎಳೀತಿರ್ಲಿಲ್ಲ. ಅವತ್ತು ಆಗ್ಲಿಲ್ಲ. ಮಾರನೇ ದಿನ ಸಂಜೆಗೆ ಗುರ್ ಅಂತು, ಮತ್ತೆ ನಿಲ್ತು. ಇನ್ನೇನು, ಇನ್ನೇನು ಅಂತ... ಅಂಗಳದಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದ್ವಿ, ನೆರಳಲ್ಲೇ ಕೂರಿಸಿದ್ದು, ಬಿಸಿಲಲ್ಲಲ್ಲ! 'ಹೊತ್ಕೊಂಡು ಹೋಗೋ ಲಕ್ಕಣ್ಣ, ಸಾಕು' ಅಂದ ಖಾದರ್ ಬಾಷಾ. ನೊಣ ಓಡಿಸ್ತಿದ್ದ ನಮ್ಮವ್ವ ಎದ್ದು ಬಂದು ನನ್ನ ಕಾಲು ಹಿಡಿದಳು. ಊರಿಗೆಲ್ಲ ಹೇಳ್ಬಿಟ್ಟಿದ್ದೆ ಸ್ವಾಮಿ! ಸುತ್ತ ಹಳ್ಳಿಗೆಲ್ಲ! ಗಾಡೀಲೇ ಕಳಿಸ್ತೀನಿ ಅಂತ. ಈಗ ಬಿದಿರು ಕಟ್ಟು ಅಂದ್ರೆ... ಮೂರನೇ ದಿನಕ್ಕೆ ಸ್ಟಾರ್ಟ್ ಆಯ್ತಲ್ಲ! ಆಯ್ತೋ ಇಲ್ವೋ?

ಮಾತಾಡ್ರಿ ಏನಾದ್ರೂ. ಬೈರಿ ಬೇಕಾದ್ರೆ.

ಬದುಕಿದ್ದಾಗ ಕೂರಿಸಿದ್ಯಾ ಅಂತಾನಾ? ಆ ಕಣ್ಣಲ್ಲಿ ಅದೇ ತಾನೇ ಕೇಳ್ತಿರೋದು? ಕೂರಿಸ್ತಿದ್ದೆ. ಕೂರಿಸಬೇಕು ಅಂತಾನೇ ಇದ್ದೆ. ಯುಗಾದಿಗೆ ಗಾಡಿ ಮೊದಲನೇ ಸಲ ಓಡಿದ ದಿನ ಬಂದು ನಿಂತ. 'ಯಲಾಂಕದ್ ಗಂಟ ಒಂದ್ ಸುತ್ತು ಕೂರುಸ್ಕಂಡ್ ಓಗ್ಲಾ ಲಕ್ಕ' ಅಂದ. ಸಗಣಿ ಪಂಚೆ ಸ್ವಾಮಿ! ಆ ಚರ್ಮದ ಮೇಲೆ! ಗಂಜಲದ ವಾಸನೆ! 'ಥೂ, ತೊಳ್ಕೊಂಡು ಬಾ ಹೋಗು' ಅಂದೆ. ಹೋದ. ತೊಳ್ಕೊಂಡು, ಒಗೆದ ಪಂಚೆ ಉಟ್ಕೊಂಡು, ತಲೆಗೆ ನೀರು ಹಚ್ಚಿ ಬಾಚ್ಕೊಂಡು ಬಂದ. ಆಗ... ಬಣ್ಣ ಹಸಿ ಇದೆ, ಒಣಗಲಿ ಅಂದೆ. ನಿಜವಾಗ್ಲೂ ಹಸಿ ಇತ್ತು! ಅಲ್ಲ, ಬಾಗಿಲಿಗೆ ಇತ್ತು. ಆ ಕಡೆ ಬಾಗಿಲಿಗೆ. 'ಆಗ್ಲಿ ತಕ್ಕಳಪ್ಪ, ಒಣಗ್ಲಿ' ಅಂದ. ಅಂದು ಎಮ್ಮೆ ಹೊಡ್ಕೊಂಡು ಹೋದ. ಬಣ್ಣ ಒಣಗೋಕೆ ಎಷ್ಟೊತ್ತು ಬೇಕು ಹೇಳಿ, ನೀವು ಇಂಜಿನಿಯರು. ಒಣಗಿತ್ತು. ನಾನು ಅವತ್ತು ಸಂಜೆ ಸ್ನೇಹಿತರನ್ನ ಕೂರಿಸ್ಕೊಂಡು ಜಕ್ಕೂರಿಗೆ ವಿಮಾನ ನೋಡೋಕೆ ಹೋದೆ.

ಮತ್ತೆ... ಕೊಡ್ತೀರೋ ಇಲ್ವೋ? ಅಂದ್ರೆ, ತಗೊಳ್ತೀರೋ ಇಲ್ವೋ? ರೇಟು ನೀವೇ ಹೇಳಿ. ಸುಮ್ನೆ ಬೇಕಾದ್ರೂ ತಗೊಂಡು ಹೋಗಿ. ಇವತ್ತೇ ಬುಧವಾರ.

ಏನ್ ಮಾಡ್ತಿದ್ದೀರಿ? ಕೂರ್ತೀರಾ? ಹಿಂದೇನಾ? ಮುಂದೆ ಕೂರಿ ಸ್ವಾಮಿ, ಮುಂದೆ ಚರ್ಮ ಇದೆ, ಅಸಲಿ ಚರ್ಮ... ಆಯ್ತು. ನಿಮ್ಮಿಷ್ಟ. ಹೇಗಿದೆ? ಹೊಸ ಸ್ಪ್ರಿಂಗು. ಮೆತ್ತಗಿಲ್ವಾ?

ಯಾರನ್ನ ಕರೀತಿದ್ದೀರಿ? ನನ್ನನ್ನಾ? ಇಲ್ಲ, ಇಲ್ಲ. ಮಾರೋನು ಗಿರಾಕಿ ಸಮಕ್ಕೆ ಕೂರಬಾರದು. ಸೀಟು ತಟ್ಟಬೇಡಿ ಹಾಗೆ. ನಾನು ಕೂತಿದ್ದೀನಿ, ಎಷ್ಟೋ ಸಲ ಕೂತಿದ್ದೀನಿ, ದಿನಾ... ಕೂತಿಲ್ಲ ಅಂತ ಯಾರು ಹೇಳಿದ್ದು? ಓಡಿಸು ಅನ್ನಿ, ಓಡಿಸ್ತೀನಿ. ಮಲ್ಲೇಶ್ವರ ಅಲ್ಲ, ಮೈಸೂರಿಗೆ ಅನ್ನಿ. ಅಲ್ಲಿಗೆ ಮಾತ್ರ ಕರೀಬೇಡಿ. ಆ ಮಗ್ಗುಲಿಗೆ ಕರೀಬೇಡಿ.

ಸ್ವಾಮಿ... ಬಾಗಿಲು ಹಾಕಿ. ಮೊದಲು ಬಾಗಿಲು ಹಾಕಿ.

ನೊಣ ಬರ್ತವೆ.