ಅಮ್ಮ ಬೈದ ಸೂಪರ್‌ವೈಸರ್

ಎರಡನೇ ಲಾಕ್‌ಡೌನ್ ಸಡಿಲವಾದ ವಾರ, ಹೊಸೂರಿನ ಶಾಲೆಯೊಂದರಲ್ಲಿ ಕೊರೊನಾ ಲಸಿಕೆಗೆ ನಿಂತಿದ್ದೆ. ನನ್ನ ಮುಂದೆ ಒಂದೇ ಕಾರ್ಖಾನೆಯ ಸಮವಸ್ತ್ರ ತೊಟ್ಟ ಇಬ್ಬರು ಹುಡುಗರು: ಹತ್ತಿರದ ತಳಿ ಎಂಬ ಊರಿನ ತನ್ನ ಮನೆಯಿಂದ ಆಗಷ್ಟೇ ಬಂದಿಳಿದ ಕುಮಾರೇಶ, ಇಲ್ಲೇ ಬಾಡಿಗೆ ರೂಮಿನಲ್ಲಿ ಒಬ್ಬನೇ ಉಳಿದಿದ್ದ ಯತಿರಾಜ. ದೂರ ನಿಲ್ಲಲೆಂದು ಸುಣ್ಣದಲ್ಲಿ ಒಬ್ಬರಿಗೊಂದು ವೃತ್ತ ಬರೆದಿದ್ದರು. ಇವರಿಬ್ಬರೂ ಒಂದರೊಳಗೇ ನಿಂತಿದ್ದರು.

“ಫೋನಲ್ಲಿ ನನ್ನೆಸ್ರು ಸೂಪರ್‌ವೈಸರ್ ಅಂತ ಯಾಕ್ಲಾ ಹಾಕ್ಕೊಂಡೆ?” ಎಂದ ಯತಿರಾಜ.

“ಇನ್ನೇನು, ‘ಚಿನ್ನ’ ಅಂತ ಹಾಕ್ಕೋಬೇಕಿತ್ತಾ? ಮನೇಲಿ ಎಲ್ರೂ ಫೋನ್ ನೋಡ್ತಾರೆ.”

“ನಿಮ್ಮಮ್ಮ ಫೋನ್ ಕಿತ್ಕೊಂಡು ಉಗುದ್ರಲ್ಲ, ‘ನನ್ ಮಗನ್ನ ದಿನಾ ಅಳಿಸ್ತೀಯಲ್ಲಾ, ನಿಂಗೆ ತಾಯಿ ಇಲ್ವಾ’ ಅಂತ.”

“ನಿನ್ ಜೊತೆ ಮಾತಾಡ್ಬುಟ್ಟು ಕೊಟ್ಟಿಗೇಲಿ ಅಳ್ತಿದ್ದೆ. ಕೆಲ್ಸದ ಟೆನ್ಷನ್ ಅಂದ್ಕೊಂಡ್ಳು. ಅದ್ಸರಿ, ಬೈಸ್ಕೊಂಡು ನೀನ್ಯಾಕ್ಲಾ ಅತ್ತೆ?”

“ನಿನ್ ಫೋನ್ ಬಿಟ್ರೆ ಇಪ್ಪತ್ತು ದಿನದಿಂದ ಗೋಡೆ ಜೊತೆ ಮಾತಾಡ್ತಿದ್ದೆ ಕಣ್ಲಾ. ನಮ್ ವಿಷ್ಯ ಗೊತ್ತಾದ ಮೇಲೆ ನಮ್ಮನೇಲಿ ಬೈಯೋದೂ ಬಿಟ್ಬುಟ್ಟವ್ರೆ. ಬೈಯಕ್ಕಾದ್ರೂ ಒಬ್ರು ಸಿಕ್ಕಿದ್ರಲ್ಲ ಅಂತ ಅಳು ಬಂತು.”

“ನೀನತ್ತಿದ್ದೇ ತಡ, ಅಮ್ಮ ದಿನಾ ನಿಂಗೇ ಫೋನ್ ಮಾಡಿ ‘ಉಂಡ್ಯಾ’ ಅಂತ ಕೇಳೋಳು. ನನ್ನ ಕೇಳ್ತಾನೇ ಇರ್ಲಿಲ್ಲ.”

“ಈಗೇನಂತೆ?”

“ನಮ್ಮಿಬ್ರಿಗೂ ಹೆಣ್ಣು ನೋಡವ್ಳೆ. ಅಕ್ಕ ತಂಗೀರು. ಷಡ್ಡಕರಾಗಿ ಒಂದೇ ಮನೇಲಿರಿ ಅಂತಾಳೆ.”

ಯತಿರಾಜ ಮಾಸ್ಕಿನೊಳಗೇ ನಕ್ಕ. ಕಣ್ಣು ಮಾತ್ರ ಒರೆಸಿಕೊಂಡ. ಅಷ್ಟರಲ್ಲಿ ನರ್ಸ್ ತಮಿಳಿನಲ್ಲಿ ಮುಂದಿನವರನ್ನು ಕೂಗಿದಳು. ಅವನು ಅಂಗಿಯ ತೋಳು ಮಡಚುತ್ತಾ ಒಳಗೆ ನಡೆದ.

“ನಿಮ್ಮಮ್ಮಂಗೆ ಹೇಳ್ಬುಡು ಕಣ್ಲಾ,” ಎಂದ ಬಾಗಿಲಲ್ಲಿ, “ಹೆಣ್ಣು ಬ್ಯಾಡ, ಆ ಮನೆ ಒಂದಿದ್ರೆ ಸಾಕು.”