ರೆಕ್ಕೆಯ ಮೇಲಿನ ಸುಣ್ಣ

ಇಂಗ್ಲಿಷರ ನಾಡಿನ ಪಿನ್ನರ್‌ನಲ್ಲಿ ಬೆಳಗಿನಿಂದ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ವಿಶಾಲಾಕ್ಷಮ್ಮ ಮಂಡಕ್ಕಿ ಗಿರ್ಮಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತರೆ ಮೊಮ್ಮಕ್ಕಳಿಗೆ ಫೋನೂ ಬೇಡ, ಟಿ.ವಿ.ಯೂ ಬೇಡ. ಸುಶಾಂತ ಅಜ್ಜಿಯ ಶಾಲಿನೊಳಗೆ ತೂರಿಕೊಂಡ. ದೆವ್ವದ ಕತೆ ನಂಬುವ ವಯಸ್ಸು ದಾಟಿತೆಂದುಕೊಂಡಿದ್ದ ಗಾರ್ಗಿ ಎದುರಿಗೆ ಕೂತಳು. ಆದರೆ ಇದು ಎರಡು ವರ್ಷದ ಹಿಂದೆ ತೀರಿಕೊಂಡ ಅಜ್ಜ ನಾಗಲಿಂಗಪ್ಪನವರ ಕತೆ. ಅವಳಿಗೆ ಅಜ್ಜನ ನೆನಪು ಬಹಳ ಆಗುತ್ತಿತ್ತು.

“ನಿಮ್ಮಜ್ಜಾರು ಆಸ್ಪತ್ರಿಯಿಂದ ರಿಟೈರ್ ಆದಮ್ಯಾಲೆ ಮನ್ಯಾಗ ಎಲ್ಲಿ ಕುಂತ್ರು? ಹಳೇ ವಿಮಾನ ರಿಪೇರಿ ಮಾಡೋರ ಶೆಡ್ಡಿಗೆ ಹೋಗಾಕ ಹತ್ತಿದ್ರು. ಅಲ್ಲೊಂದು ರಷ್ಯಾದ್ದು ಇತ್ತು... ಯುದ್ಧದ ಕಾಲದ್ದು, ಮ್ಯಾಲೊಂದು ಕೆಳಗೊಂದು ರೆಕ್ಕಿ, ಮೈ ಹಸಿರು. ಹಿಮ ಬಿದ್ದಾಗ ಹಸಿರು ಎದ್ದು ಕಾಣತೈತಲ್ಲ? ಅದಕ್ಕ ಚಳಿಗಾಲದಾಗ ಮ್ಯಾಲೆ ಬಿಳೇ ಸುಣ್ಣ ಬಳಿಯೋದು, ಹಿಮ ಕರಗಿದ ಕೂಡ್ಲೇ ತೊಳೆದು ತೆಗೆಯೋದು. ಹಂಗ ಬಳೀರಿ ಅಂತ ಇವ್ರಿಗೆ ಹೇಳಿದ್ರು. ಧಾರವಾಡದ ಮನುಷಾ, ಸುಣ್ಣ ಅಂದ್ರ ಸುಮ್ನಿರತಾರ? ನಮ್ಮ ಗ್ವಾಡಿಗೆ ಹಚ್ಚೋ ಹಂಗ ಅಂಟು ಕಲಸಿಬಿಟ್ರು, ಮಳಿಗೆ ಹೋಗಬಾರದು ಅಂತ.”

ಅಜ್ಜಿ ನಕ್ಕಳು.

“ಮಾರ್ಚ್ ಬಂತು. ಶೆಡ್ಡಿನಾಗ ಒಬ್ಬ ಹುಡುಗಿ, ಯುದ್ಧದಾಗ ಆ ವಿಮಾನ ಹಾರಸತಿದ್ದಾಕಿ... ಚರ್ಮದ ಟೊಪ್ಪಿಗಿ, ದಪ್ಪ ಬೂಟು. ಒದ್ದಿ ಬಟ್ಟಿಯಿಂದ ರೆಕ್ಕಿ ತಿಕ್ಕತಾಳ, ತಿಕ್ಕೇ ತಿಕ್ಕತಾಳ, ಬಿಳುಪು ಹೋಗವಲ್ದು. ಆಕಿ ಭಾಷಿ ಯಾವುದೋ, ಇವ್ರಿಗೆ ಅರ್ಥ ಮಾತ್ರ ಆತಂತ. ಚಳಿಗಾಲದ ಬಿಳೇದು ತೊಳೆಯೂತನಕ ಊರಿಗೆ ಹೋಗಂಗಿಲ್ಲ, ದಂಡಿನ ಹುಕುಂ. ಸತ್ತು ಎಷ್ಟು ವರ್ಷಾತೋ, ಪಾಪ, ಇನ್ನೂ ಆ ಹುಕುಂ ಹಿಡಕೊಂಡು ನಿಂತಾಳ! ಇವ್ರೂ ಒಂದು ಬಟ್ಟಿ ಹಿಡಿದು ತಿಕ್ಕಾಕ ಹತ್ತಿದ್ರು. ಪೂರ್ತಿ ತೊಳೆದೇ ಬಿಡತೀನಿ ಅಂತ ಮಾತು ಕೊಟ್ರು. ಅರ್ಧಾ ಆಗಿತ್ತು... ಅಷ್ಟರಾಗ ತಾವೇ ಹೋದ್ರು.”

ಆ ಹುಡುಗಿ ಇನ್ನೂ ಅಲ್ಲೇ ಇದ್ದಾಳಾ ಎಂದು ಸುಶಾಂತ ಇಂಗ್ಲಿಷಿನಲ್ಲಿ ಕೇಳಿದ.

“ಇಬ್ರೂ ಅದಾರ. ನಾ ಶನಿವಾರ ಶನಿವಾರ ಹೋಗ್ತೀನಲ್ಲ? ಬಾಗಿಲಾಗ ನಿಂತ್ರ ಬಕೀಟಿನ ಸಪ್ಪಳ, ಅವ್ರ ಕೆಮ್ಮು... ಇವತ್ತೂ ಕೇಳಿ ಬಂದೆ, ಜೀವಕ್ಕ ಸಮಾಧಾನ ಆತು. ಸುಣ್ಣ ಪೂರ್ತಿ ಹೋದ ದಿನ ಆಕಿ ಊರಿಗೆ ಹೋಗ್ತಾಳ. ಇವ್ರೂ... ಹೋಗ್ತಾರ.”

ಗಾರ್ಗಿ ಎಂದೂ ಇಲ್ಲದೆ ಕನ್ನಡದಲ್ಲಿ ಕೇಳಿದಳು, “ಇನ್ನೆಷ್ಟು ಉಳಿದಿದೆ ಅಜ್ಜಿ?”

“ಅರ್ಧಾ. ಹೋದ ವರ್ಷಾನೂ ಅರ್ಧಾ ಇತ್ತು.”

ಖಾಲಿ ತಟ್ಟೆ ಎತ್ತಲು ಬಾಗಿದ ಅಜ್ಜಿಯ ಉಗುರಿನ ಸಂದಿಗಳಲ್ಲಿ ಸುಣ್ಣ ಇತ್ತು, ಹೊಸ ಸುಣ್ಣ. “ಅಜ್ಜಿ, ನೀನೇ ಮತ್ತೆ ಬಳಿದು...” ಎಂದಳು ಗಾರ್ಗಿ. ವಿಶಾಲಾಕ್ಷಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿದಳು.

“ಮೆಲ್ಲಕ ಮಾತಾಡವಾ,” ಎಂದಳು. “ಅವ್ರಿಗೆ ಕೇಳೀತು.”