ನಲವತ್ತೊಂದು ಜನರನ್ನು ಕೇಳಲು ಹೋದ ನಿಂಗಯ್ಯನವರು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ನಿಂಗಯ್ಯನವರ ಮಗ ಮಾದೇಶ್ ಅವರಿಗೆ, ಅವರ ಮನೆಯವರಿಗೆ, ಹನೂರಿನಿಂದ ಬೆಳಗ್ಗೆಯೇ ಹೊರಟು ಬಂದಿರುವ ನಿಂಗಯ್ಯನವರ ಬಂಧುಗಳಿಗೆ, ಕೊಳ್ಳೇಗಾಲ ಡಿಪೋದ ಅವರ ಹಳೆಯ ಜೊತೆಗಾರರಿಗೆ, ನಮ್ಮ ಆಸ್ಪತ್ರೆಯ ವೈದ್ಯರಿಗೆ, ಸಿಬ್ಬಂದಿಗೆ — ಎಲ್ಲರಿಗೂ.

ನನ್ನ ಹೆಸರು ನಾಗಶ್ರೀ. ಯಳಂದೂರಿನವಳು. ಈ ಆಸ್ಪತ್ರೆಯ ನೈತಿಕ ಸಮಿತಿಯ ಕಚೇರಿ ನೋಡಿಕೊಳ್ಳುತ್ತೇನೆ. ಸಭೆಯಲ್ಲಿ ಯಾರು ಏನು ಹೇಳಿದರು ಅಂತ ಬರೆದುಕೊಳ್ಳುವುದು ನನ್ನ ಕೆಲಸ, ಮಾತಾಡುವುದು ಬೇರೆಯವರದ್ದು. ಇವತ್ತು ನೀನೇ ಮಾತಾಡಮ್ಮ ಅಂದಿದ್ದಾರೆ. ನಡುವೆ ಎಲ್ಲಾದರೂ ನಿಂತುಬಿಟ್ಟರೆ — ಸ್ವಲ್ಪ ಸಹಿಸಿಕೊಳ್ಳಿ.

ಇಲ್ಲಿರುವ ಹೆಚ್ಚಿನವರಿಗೆ ಅವರು ಕಂಡಕ್ಟರ್ ನಿಂಗಯ್ಯ. ಮೂವತ್ತೊಂದು ವರ್ಷ ಕೊಳ್ಳೇಗಾಲ, ಹನೂರು, ರಾಮಾಪುರ, ಮಾರ್ಟಳ್ಳಿ ಅಂತ ಓಡಾಡಿದವರು. ನಾನು ಅವರ ಬಸ್ಸು ಹತ್ತಿದವಳಲ್ಲ. ನನಗೆ ಅವರು ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ನಮ್ಮ ಸಮಿತಿಯ ಸದಸ್ಯರಾಗಿ. ರೋಗಿಗಳ ಮೇಲೆ, ರೋಗಿಗಳಿಂದ ತೆಗೆದು ಇಟ್ಟುಕೊಂಡ ರಕ್ತ, ಮಾಂಸದ ತುಣುಕಿನ ಮೇಲೆ ಯಾವ ಸಂಶೋಧನೆ ನಡೆಯಬೇಕಾದರೂ ಈ ಸಮಿತಿ ಒಪ್ಪಬೇಕು. ಅದರಲ್ಲಿ ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕು ಅಂತ ನಿಯಮವಿದೆ. ನಮ್ಮ ಅಧ್ಯಕ್ಷರು ಯೋಚಿಸಿ ನಿಂಗಯ್ಯನವರನ್ನು ಕರೆದರು.

ಮೊದಲ ವರ್ಷ ಅವರು ಏನೂ ಮಾತಾಡಲಿಲ್ಲ. ನಿಜ ಹೇಳಬೇಕು ಅಂದರೆ, ನಿಯಮಕ್ಕೊಂದು ಕುರ್ಚಿ ತುಂಬಿದೆ ಅಂತ ನಾನೇ ಅಂದುಕೊಂಡಿದ್ದೆ. ನನ್ನ ತಪ್ಪು ಅದು. ಅವರು ಕೇಳಿಸಿಕೊಳ್ಳುತ್ತಿದ್ದರು.

ಎರಡನೇ ವರ್ಷ ಒಂದು ಅರ್ಜಿ ಬಂತು. ಹೊಗೆಸೊಪ್ಪು, ಎಲೆಅಡಿಕೆ ಯಾವುದನ್ನೂ ಮುಟ್ಟದವರಿಗೂ ಬಾಯಿ ಕ್ಯಾನ್ಸರ್ ಯಾಕೆ ಬರುತ್ತದೆ ಅಂತ ಹುಡುಕುವ ಅಧ್ಯಯನ. ಅದಕ್ಕೆ ನಮ್ಮ ಲ್ಯಾಬಿನಲ್ಲಿರುವ ನಲವತ್ತೊಂದು ಬ್ಲಾಕು ಬೇಕು ಅಂತ. ಬ್ಲಾಕು ಅಂದರೆ — ಆಪರೇಷನ್ ಮಾಡಿದಾಗ ತೆಗೆದ ತುಣುಕನ್ನು ಮೇಣದಲ್ಲಿ ಹಾಕಿ ಗಟ್ಟಿ ಮಾಡಿ ಇಟ್ಟಿರುತ್ತಾರೆ. ಇಷ್ಟೇ, ಹೆಬ್ಬೆರಳ ಉಗುರಿನಷ್ಟು. ವರ್ಷಗಟ್ಟಲೆ ಕೆಡುವುದಿಲ್ಲ. ರೋಗಿ ಹೋದ ಮೇಲೂ ಅದು ಇರುತ್ತದೆ.

ಆ ಜನರನ್ನೆಲ್ಲ ಈಗ ಹುಡುಕಲು ಆಗುವುದಿಲ್ಲ, ಹೆಸರು ತೆಗೆದು ಕೊಡುತ್ತೇವೆ, ಒಪ್ಪಿಗೆ ಪಡೆಯುವುದರಿಂದ ವಿನಾಯಿತಿ ಕೊಡಿ ಅಂತ ಅರ್ಜಿಯಲ್ಲಿತ್ತು. ಅದಕ್ಕೆ ನಿಯಮದಲ್ಲಿ ಅವಕಾಶವೂ ಇದೆ. ಎಲ್ಲರೂ ಸಹಿ ಹಾಕುವ ಹೊತ್ತಿಗೆ ನಿಂಗಯ್ಯನವರು ಕನ್ನಡಕ ಹಾಕಿಕೊಂಡು, ಆ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು.

"ಕೇಳಕ್ಕಾಗ್ದೇ ಇದ್ರ ಅಂತ ಬರ್ದದಲ್ಲ ಸಾ. ನಾವು ಓಗೇ ನೋಡಿಲ್ವಲ್ಲ?"

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಡಾಕ್ಟರ್ ಪ್ರಭುಸ್ವಾಮಿಯವರು — ಇಲ್ಲೇ ಇದ್ದಾರೆ — ಅವರೇ ಉತ್ತರ ಕೊಟ್ಟರು. "ಫೈಲಿನಲ್ಲಿ ಬರೀ ಊರ ಹೆಸರಿದೆ ನಿಂಗಯ್ಯ. ಶಾಗ್ಯ ಅಂತ ಇರುತ್ತೆ, ಅಷ್ಟೇ. ಎಲ್ಲಿ ಅಂತ ಹುಡುಕ್ತೀರಿ?"

"ಊರು ಗೊತ್ತಲ್ಲ ಸಾ. ಊರ್ ಗೊತ್ತಾದ್ ಮ್ಯಾಲ ಇನ್ನೇನು."

ಅಷ್ಟೇ ಅವರು ಹೇಳಿದ್ದು. ಅಧ್ಯಕ್ಷರು ನಾಲ್ಕು ತಿಂಗಳು ಸಮಯ ಕೊಟ್ಟರು. ಕಾಗದಪತ್ರ ನೋಡಿಕೊಳ್ಳಲಿ ಅಂತ ನನ್ನನ್ನೂ ಜೊತೆಗೆ ಹಾಕಿದರು.

ಆ ನಾಲ್ಕು ತಿಂಗಳು — ನಾನು ಎಷ್ಟು ಹೇಳಿದರೂ ಕಡಿಮೆಯೇ. ವಾರಕ್ಕೆ ಎರಡು ದಿನ ಹೋಗುತ್ತಿದ್ದೆವು. ಬಸ್ಸಿಳಿದು ಅವರು ಯಾವುದೋ ಟೀ ಅಂಗಡಿಯಲ್ಲಿ ಹೆಸರು ಹೇಳುತ್ತಿದ್ದರು. ಎರಡನೇ ಮಾತಿಗೆ ಮನೆ ಸಿಗುತ್ತಿತ್ತು. ರಾಮಾಪುರದಲ್ಲಿ ಒಬ್ಬರು ಜೋಳದ ಹೊಲದಿಂದ ಹಾಗೇ ಎದ್ದು ಬಂದು, "ಕಂಡಕ್ಟರಣ್ಣ, ನನ್ ಮದ್ವಗ ದಿಬ್ಬಣ ಬಂದಿದ್ದು ನಿಮ್ ಬಸ್ನಲ್ಲೇ" ಅಂದರು. ಮಾರ್ಟಳ್ಳಿಯಲ್ಲಿ ಒಬ್ಬ ಅಜ್ಜಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಅವರ ಜೊತೆ ತಮಿಳಿನಲ್ಲೇ ಒಂದು ಗಂಟೆ ಕೂತು ಮಾತಾಡಿದರು. ನನಗೆ ಅರ್ಥವಾಗಲಿಲ್ಲ. ಕೊನೆಗೆ ಅಜ್ಜಿ ನನ್ನ ಕೆನ್ನೆ ಸವರಿ ಹೆಬ್ಬೆಟ್ಟು ಒತ್ತಿದರು.

ಎಲ್ಲರಿಗೂ ಅವರು ಹೇಳುತ್ತಿದ್ದದ್ದು ಒಂದೇ ಮಾತು. ನನಗೆ ಬಾಯಿಪಾಠ ಆಗಿದೆ. "ನಿಮ್ಮೋರ್ದು ಒಂದ್ ಸಣ್ ತುಂಡು ನಮ್ ತಾವು ಅದ. ಮೇಣದಲ್ಲಿ ಮಡಗಿದ್ದೀವಿ. ಅದ ನೋಡಿ, ಈ ಕಾಯ್ಲ ಯಾಕ್ ಬತ್ತದ ಅಂತ ತಿಳ್ಕಬೇಕಂತೆ. ಕೊಟ್ರ ಕೊಡಿ. ಬ್ಯಾಡ ಅಂದ್ರ ಬ್ಯಾಡ. ಬ್ಯಾಡ ಅಂದೋರು ನಾಳ ಆಸ್ಪತ್ರಗ ಬಂದ್ರ ಯಾರೂ ಮಖ ತಿರುಗ್ಸಲ್ಲ, ನಾನಿದ್ದೀನಿ."

ಮೂವತ್ತೆಂಟು ಮನೆ ಸಿಕ್ಕವು. ಮೂರು ಮನೆಯವರು ಊರು ಬಿಟ್ಟು ಎಲ್ಲಿಗೆ ಹೋದರೋ ತಿಳಿಯಲಿಲ್ಲ. ಸಿಕ್ಕವರಲ್ಲಿ ಮೂವತ್ತೇಳು ಜನ ಹೂಂ ಅಂದರು. ಒಬ್ಬರು ಒಲ್ಲೆ ಅಂದರು.

ಅವರ ಹೆಸರು ದೊಡ್ಡಮಾದಮ್ಮ. ಶಾಗ್ಯದವರು. ಅವರ ಮಗಳು ಸಿಂಧು ನಮ್ಮಲ್ಲೇ ಆಪರೇಷನ್ ಮಾಡಿಸಿಕೊಂಡು, ಆರು ತಿಂಗಳು ನರಳಿ ತೀರಿಕೊಂಡಿದ್ದಳು. ಇಪ್ಪತ್ತನಾಲ್ಕು ವರ್ಷ. ನಾಲಗೆಯ ಕ್ಯಾನ್ಸರ್. ನಾವು ಹೋದಾಗ ಆ ತಾಯಿ ಮನೆ ಮುಂದೆ ಹುರುಳಿ ಒಣಗಹಾಕುತ್ತಿದ್ದರು. ನಿಂಗಯ್ಯನವರು ತಮ್ಮ ಮಾತು ಶುರು ಮಾಡಿದರು. ಸಣ್ಣ ತುಂಡು ಅನ್ನುವ ತನಕ ಹೇಳಿದ್ದರಷ್ಟೇ.

"ಇನ್ನೂ ಅದಾ?" ಅಂದರು ಆ ತಾಯಿ.

"ಅದ ಕಣವ್ವ."

"ಮಣ್ಣು ಮಾಡಿ ಮೂರ್ ವರ್ಷ ಆಯ್ತು. ಪೂರ್ತಿ ಓಗ್ಬುಟ್ಳು ಅನ್ಕಂಡಿದ್ದಿ." ಹಾಗಂದು, ಕೈಯಲ್ಲಿದ್ದ ಹುರುಳಿಯನ್ನು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ, "ನಾ ನೋಡ್ಬೇಕು" ಅಂದರು.

ಮುಂದಿನ ವಾರ ನಿಂಗಯ್ಯನವರೇ ಶಾಗ್ಯಕ್ಕೆ ಹೋಗಿ ಅವರನ್ನು ಕರೆತಂದರು. ಪ್ರಭುಸ್ವಾಮಿ ಡಾಕ್ಟರು ಡ್ರಾಯರ್ ತೆಗೆದು, ಬ್ಲಾಕನ್ನು ಆ ತಾಯಿಯ ಅಂಗೈ ಮೇಲೆ ಇಟ್ಟರು. ಅವರು ಅತ್ತಾರು ಅಂತ ನಾನು ಕಾದಿದ್ದೆ. ಅಳಲಿಲ್ಲ. ಬೆರಳು ಮಡಚಿ ಮುಚ್ಚಿಕೊಂಡರು. ಬಿಸಿಗೆ ಕರಗ್ತದಾ ಅಂತ ಕೇಳಿದರು. ಇಲ್ಲಮ್ಮ, ಗಟ್ಟಿ ಮೇಣ ಅಂದರು ಡಾಕ್ಟರು. ಆಮೇಲೆ ತಾಳ್ಮೆಯಿಂದ ವಿವರಿಸಿದರು — ನಲವತ್ತೊಂದು ಜನರಲ್ಲಿ ನಿಮ್ಮ ಮಗಳೇ ಎಲ್ಲರಿಗಿಂತ ಚಿಕ್ಕವಳು, ಈ ಅಧ್ಯಯನಕ್ಕೆ ಅವಳದ್ದೇ ಮುಖ್ಯ, ಇನ್ನೊಬ್ಬರ ಮಗಳಿಗೆ ಉಪಯೋಗ ಆಗಬಹುದು ಅಂತ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಆ ತಾಯಿ ಪೂರ್ತಿ ಕೇಳಿದರು. "ನಿಮ್ ಮಾತು ಸರಿನೇ ಇರ್ಬೋದು ಸಾ. ಆದ್ರ ಈ ನಾಲಗಲೇ ಅವಳು ನನ್ನ ಅವ್ವ ಅಂತಿದ್ದು. ನಾ ಕೊಡಕಿಲ್ಲ. ತಕಂಡೋಯ್ತೀನಿ."

ಡಾಕ್ಟರು ನಿಂಗಯ್ಯನವರ ಕಡೆ ತಿರುಗಿದರು. "ನೀವಾದರೂ ಹೇಳಿ. ನಿಮ್ಮ ಮಾತು ಕೇಳ್ತಾರೆ."

ಕೇಳುತ್ತಿದ್ದರು. ಅವರು ಒಂದು ಮಾತು ಹೇಳಿದ್ದರೆ ಆ ತಾಯಿ ಒಪ್ಪುತ್ತಿದ್ದರೇನೋ. ಅದು ನಿಂಗಯ್ಯನವರಿಗೂ ಗೊತ್ತಿತ್ತು.

"ಕೇಳಕ್ಕಂತ ಓಗಿದ್ವಿ ಸಾ," ಅಂದರು. "ಹೂಂ ಅನ್ಸಕ್ಕಂತ ಅಲ್ಲ."

ಆವತ್ತು ಪ್ರಭುಸ್ವಾಮಿ ಡಾಕ್ಟರಿಗೆ ಬೇಸರವಾಯಿತು. ಎರಡು ತಿಂಗಳು ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಇದನ್ನು ಹೇಳು ಅಂತ ಡಾಕ್ಟರೇ ನನಗೆ ಹೇಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಆದರೆ ಬ್ಲಾಕನ್ನು ಮನೆಯವರಿಗೆ ಕೊಡಬಹುದು ಅನ್ನುವ ಕಾಗದಕ್ಕೆ ಆವತ್ತೇ ಸಹಿ ಹಾಕಿದವರೂ ಅವರೇ.

ಶಾಗ್ಯದಲ್ಲಿ ಮಗಳ ಸಮಾಧಿಯ ಪಕ್ಕದಲ್ಲಿ ಗೇಣಾಳ ಮಣ್ಣು ಬಗೆದು ಆ ತಾಯಿ ಅದನ್ನು ಇಟ್ಟರು. ನಾವು ಬೇಲಿಯ ಆಚೆ ನಿಂತಿದ್ದೆವು. ವಾಪಸು ಬರುವಾಗ ಬಸ್ಸು ಹನೂರು ದಾಟಿತು. ಆಮೇಲೆ ನಿಂಗಯ್ಯನವರು ಕಿಟಕಿ ಕಡೆ ಮುಖ ಮಾಡಿಕೊಂಡೇ ತಮ್ಮ ಹೆಂಡತಿಯ ವಿಷಯ ಹೇಳಿದರು. ಮಾದೇಶ್ ಅವರಿಗೆ ಇದು ಗೊತ್ತಿರಲಿಲ್ಲ. ಹೋದ ವಾರ ಅವರನ್ನು ಕೇಳಿ, ಒಪ್ಪಿದ ಮೇಲೆಯೇ ಇಲ್ಲಿ ಹೇಳುತ್ತಿದ್ದೇನೆ.

"ನಮ್ ಮಾದೇವಮ್ಮಂಗೂ ಮೈಸೂರ್ನಲ್ಲಿ ಆಪ್ರೇಷನ್ ಆಗಿತ್ತು ಕಣವ್ವ. ಎದೆಲಿ ಗಂಟು. ನಾನೇ ಸೈನ್ ಹಾಕ್ದಿ. ಓದ್ಲಿಲ್ಲ. ಓದಕ್ ಬರ್ದೇ ಅಲ್ಲ, ಅವ್ಳ್ನ ಒಳಕ್ಕ ಕರ್ಕಂಡೋಯ್ತಿದ್ರು, ಅತ್ಲಾಗೇ ನೋಡ್ತಿದ್ದಿ. ವರ್ಷದೊಳಗ ತೀರ್ಕಂಡ್ಳು. ಕುಯ್ದು ತಗದಿದ್ದ ಏನ್ ಮಾಡುದ್ರು, ಎಲ್ ಮಡಗುದ್ರು, ನಂಗ ಗೊತ್ತಿಲ್ಲ. ಒಂದ್ಸಲ ಓಗಿ ಕೇಳ್ದಿ. ಯಾರ್ನ ಕೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ, ವಾಪಸ್ ಬಂದಿ. ಈಗ್ಲೂ ಮೈಸೂರ್ಗ ಓದಾಗ ಆ ಆಸ್ಪತ್ರ ಮುಂದ ಒಂದ್ ಗಳ್ಗ ನಿಂತ್ಕತ್ತೀನಿ. ಅಲ್ಲೇ ಒಳಗ ಎಲ್ಲೋ ಇನ್ನೂ ಇದ್ದಾಳೇನೋ ಅಂತ."

ಇಪ್ಪತ್ತು ವರ್ಷ — ಒಂದು ಕಟ್ಟಡದ ಮುಂದೆ ಒಂದು ಗಳಿಗೆ ನಿಂತು ಬರುತ್ತಿದ್ದ ಮನುಷ್ಯ. ನಾವ್ಯಾರೂ ಅದನ್ನು ಕಂಡಿರಲಿಲ್ಲ.

ನಾನು ಅವರನ್ನು ಕೇಳಿ, ಆ ಆಸ್ಪತ್ರೆಗೆ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ನಿಂಗಯ್ಯನವರು ಒಂದು ದಿನವೂ ಏನಾಯ್ತು ಅಂತ ವಿಚಾರಿಸಲಿಲ್ಲ. ಸಭೆಗೆ ಬಂದವರು ನನ್ನ ಮೇಜಿನ ಮೇಲಿನ ಟಪಾಲನ್ನು ಮಾತ್ರ ಒಮ್ಮೆ ನೋಡುತ್ತಿದ್ದರು.

ಆ ಅಧ್ಯಯನ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಸಿಕ್ಕದ ಮೂವರಿಗೆ ಮಾತ್ರ ಸಮಿತಿ ವಿನಾಯಿತಿ ಕೊಟ್ಟಿತು. ಈಗ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲೇ ಕೇಳುತ್ತೇವೆ — ತುಣುಕು ಇಟ್ಟುಕೊಳ್ಳಬಹುದಾ, ಸಂಶೋಧನೆಗೆ ಕೊಡಬಹುದಾ, ಕೊಡುವಾಗ ಮತ್ತೆ ನಿಮ್ಮನ್ನು ಕೇಳಬೇಕಾ. ಆ ಒಪ್ಪಿಗೆ ಪತ್ರದ ಭಾಷೆ ನನ್ನದು ಅಂತ ಕೆಲವರು ಹೊಗಳಿದ್ದಾರೆ. ನನ್ನದಲ್ಲ. ಮನೆ ಮನೆಯಲ್ಲಿ ಅವರು ಆಡಿದ್ದನ್ನು ನಾನು ಬರೆದುಕೊಂಡೆ, ಅಷ್ಟೇ.

ಅಧ್ಯಯನ ಮುಗಿದ ಮೇಲೆ ಏನು ತಿಳಿಯಿತು ಅಂತ ಬಂದು ಹೇಳುತ್ತೇವೆ ಅಂತ ಮೂವತ್ತೇಳು ಮನೆಗೂ ಮಾತು ಕೊಟ್ಟಿದ್ದೇವೆ. ನಾನು ಹೋಗುತ್ತೇನೆ. ದಾರಿ ಗೊತ್ತು. ಆದರೆ ಬಸ್ಸಿನಲ್ಲಿ ಕೂತರೆ ಪ್ರತಿ ತಿರುವಿನಲ್ಲೂ ಈ ಊರಿನವರು ಹಿಂಗೆ, ಆ ಮನೆಯವರು ಹಂಗೆ ಅಂತ ಹೇಳುವ ಆ ದನಿ — ಅದು ಬೇಕು ಅನ್ನಿಸುತ್ತದೆ. ಎಷ್ಟು ಬೇಕು ಅನ್ನಿಸುತ್ತದೆ ಅಂದರೆ, ಹೋದ ವಾರ ಯಳಂದೂರಿನಿಂದ ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ "ಕಣವ್ವ" ಅಂದರು. ನಾನು ತಿರುಗಿಬಿಟ್ಟೆ.

ಕ್ಷಮಿಸಿ.

ಇನ್ನೊಂದೇ ವಿಷಯ. ಅವರಿಗೆ ಎದೆನೋವು ಬಂದು ನಮ್ಮಲ್ಲೇ ಸೇರಿಸಿದ್ದರಲ್ಲ, ಆ ಮೂರನೇ ದಿನ ಮೈಸೂರಿನಿಂದ ಉತ್ತರ ಬಂತು. ಎರಡೇ ಸಾಲು. ಅಷ್ಟು ಹಳೆಯ ದಾಖಲೆಗಳಾಗಲೀ ಮಾದರಿಗಳಾಗಲೀ ಈಗ ಉಳಿದಿಲ್ಲ, ನಿಯಮದ ಪ್ರಕಾರ ವಿಲೇವಾರಿ ಮಾಡಲಾಗಿದೆ ಅಂತ. ಈ ಸ್ಥಿತಿಯಲ್ಲಿ ಹೇಳುವುದೋ ಬೇಡವೋ ಅಂತ ವಾರ್ಡಿನ ಹೊರಗೆ ತುಂಬಾ ಹೊತ್ತು ಕೂತಿದ್ದೆ. ಅವರದ್ದು ಅದು, ಮುಚ್ಚಿಡಲು ನಾನು ಯಾರು ಅನ್ನಿಸಿತು. ಒಳಗೆ ಹೋಗಿ ಓದಿ ಹೇಳಿದೆ.

ಅವರು ಇನ್ನೊಂದು ಸಲ ಓದು ಅಂದರು. ಓದಿದೆ. ಕಾಗದ ಇಸ್ಕೊಂಡು ಮಡಚಿ ದಿಂಬಿನ ಕೆಳಗಿಟ್ಟುಕೊಂಡರು.

"ಸರಿ ಬುಡವ್ವ," ಅಂದರು. "ಇಲ್ಲ ಅಂತನಾದ್ರೂ ಒಬ್ರು ಹೇಳುದ್ರಲ್ಲ. ಇನ್ ಅಲ್ಲಿ ನಿಂತ್ಕಳದು ಬ್ಯಾಡ."

ಎರಡು ದಿನ ಕಳೆದು ಅವರು ಹೋದರು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಎರಡು ನಿಮಿಷ ಮೌನವಾಗಿ — ನಿಂಗಯ್ಯನವರಿಗಾಗಿ, ಅವರ ಮಾದೇವಮ್ಮನವರಿಗಾಗಿ.